ಅವ್ವ ಬಸ್ಸು ಹತ್ತಲಿ ಎಂದು ಬೇಡಿಕೊಂಡೆ

ಮೈಲಾರಲಿಂಗನ ಒಕ್ಕಲಿನವರೆಲ್ಲರಿಗೂ ಶರಣು. ೧೯೮೪ರ ಶ್ರಾವಣದಲ್ಲಿ ನಮ್ಮ ಅವ್ವ ಮಲದಲ್ಲಿ ರಕ್ತ ಹೋಗುವುದನ್ನು ನನ್ನಿಂದ ಮುಚ್ಚಿಟ್ಟಿದ್ದಳು. ಬಟ್ಟೆ ಒಗೆಯುವಾಗ ನನಗೆ ಗೊತ್ತಾಯಿತು. ಕೇಳಿದರೆ, "ಮೂಲವ್ಯಾಧಿ ಅದ, ಬಿಡು" ಎಂದಳು.

ನಾನು ಬಿಡುವ ಹಾಗಿರಲಿಲ್ಲ. ಅದಕ್ಕೂ ಆರು ವರ್ಷದ ಹಿಂದೆ ಜಠರದ ಕ್ಯಾನ್ಸರ್ ಎಂದು ಪುಣೆಯ ಆಸ್ಪತ್ರೆಯಲ್ಲಿ ಅವಳ ಅರ್ಧ ಹೊಟ್ಟೆಯನ್ನೇ ತೆಗೆದಿದ್ದರು. ಯಾದಗಿರಿ ಕಡೆಯಿಂದ ಪುಣೆಗೆ ಬಂದು, ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ನನ್ನನ್ನು ಓದಿಸಿದವಳು ಅವಳು. ನಮ್ಮ ಮನೆತನಕ್ಕೆ ಮೊದಲ ಬಿ.ಎಸ್ಸಿ. ನಾನು, ಇಲ್ಲಿಯ ಸದಾಶಿವ ಪೇಠದ ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಕಲಿಸುತ್ತೇನೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಆ ಡಿಗ್ರಿ ನಮ್ಮಿಬ್ಬರ ದುಡಿಮೆ. ಆಪರೇಷನ್ ಆದಮೇಲೆ ಅವ್ವ ಸ್ವಲ್ಪ ಸ್ವಲ್ಪವೇ ಉಣ್ಣುತ್ತಿದ್ದಳು. "ಅರ್ಧ ಹೊಟ್ಟಿಯಾಕಿಗಿ ಪೂರಾ ರೊಟ್ಟಿ ಯಾಕ ಬಡೀತಿ?" ಎಂದು ನಗಿಸುತ್ತಿದ್ದಳು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: ಹಳೆಯದೇ ತಿರುಗಿ ಬರಬಹುದು, ಇಲ್ಲವೇ ಬೇರೆ ಅಂಗದಲ್ಲಿ ಬೇರೆಯದೇ ಹೊಸದಾಗಿ ಹುಟ್ಟಬಹುದು; ಎಲ್ಲರಿಗೂ ಆಗುವುದಿಲ್ಲ, ಆದರೆ ತಪಾಸಣೆ ಬಿಡಬೇಡಿ. ಎರಡು ವರ್ಷ ಹೋದೆವು. ಆಮೇಲೆ ಅವ್ವ ಮೈಲಾರಲಿಂಗನ ಜೇಜೂರಿಗೆ ಹೋಗಿ ಹರಕೆ ತೀರಿಸಿ ಬಂದಳು. ಅಲ್ಲಿಗೆ ಆಸ್ಪತ್ರೆ ನಿಂತಿತು. "ದೇವರು ವಾಸಿ ಮಾಡ್ಯಾನ. ಮತ್ತ ತೋರಿಸಾಕ ಹ್ವಾದ್ರ ಅವನ ಮ್ಯಾಲ ಸಂಶೇ ಮಾಡಿದಂಗ" ಎನ್ನುವಳು. ನಾನು ಅತ್ತೆ, ಬೈದೆ, ಉಪವಾಸ ಕೂತೆ. ಅವಳು ಜಗ್ಗಲಿಲ್ಲ.

ಧನಕವಡಿಯ ಗುಡ್ಡದ ಬದಿಗೆ ನಮ್ಮವರು ಕಟ್ಟಿದ ಸಣ್ಣ ಗುಡಿಯಿದೆ. ರಕ್ತದ ವಿಷಯ ನನಗೆ ಗೊತ್ತಾದ ವಾರದ ಭಾನುವಾರ ಅವ್ವ ಅಲ್ಲಿ ಹೂ ಕೇಳಿದಳು. ಪೂಜಾರಿ ಮಾಳಪ್ಪ ಮಾಮಾ ಹೂವನ್ನು ನೀರಲ್ಲಿ ಅದ್ದಿ ಲಿಂಗದ ಎರಡೂ ಬದಿಗೆ ಅಂಟಿಸಿದರು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ.

"ಹೊಟ್ಟಿ ರೋಗ ತಿರುಗಿ ಬಂದದೇನಪ್ಪಾ?"

ಎಡಗಡೆಯ ಹೂ ಬಿತ್ತು. ಅವ್ವ ನನ್ನ ಕಡೆ ತಿರುಗಿ, "ಆತೇನು, ಮಾಸ್ತರಣಿ?" ಎಂದಳು.

ದೇವರೇ "ಇಲ್ಲ" ಎಂದು ಹೇಳಿದ ಮೇಲೆ ನಾನು ಇನ್ನಾರಿಗೆ ಹೇಳಲಿ? ಕಣ್ಣು ಮುಚ್ಚಿ ಬೇಡಿಕೊಂಡೆ: ಅಪ್ಪಾ, ಅವಳ ಆಯುಷ್ಯ ನಿನ್ನ ಕೈಯಲ್ಲಿರಲಿ, ಅವಳು ಆಸ್ಪತ್ರೆಯ ಬಸ್ಸು ಹತ್ತಿದರೆ ನನಗೆ ಸಾಕು. ಆಗ ಡಾಕ್ಟರ ಮಾತಿನ ಎರಡನೆಯ ಅರ್ಧ ನೆನಪಿಗೆ ಬಂತು. ಅದನ್ನು ನೆನಪಿಸಿದವನು ಆತನೇ ಎಂದು ನಂಬಿದ್ದೇನೆ.

"ಅವ್ವಾ, ನೀ ಕೇಳಿದ್ದು ಹಳೇ ರೋಗಕ್ಕ. ಹೊಸಾದೂ ಹುಟ್ಟತದ ಅಂದಿದ್ರು ಡಾಕ್ಟರ್. ಅದನ್ನ ನೀ ಕೇಳೇ ಇಲ್ಲ."

ಮಾಳಪ್ಪ ಮಾಮಾ ತಲೆದೂಗಿದರು. "ಖರೇ ಅದ ತಂಗಿ. ಕೇಳಿದ್ದಕ್ಕಷ್ಟ ಹೇಳ್ಯಾನ."

"ನೀನೂ ಇಕಿ ಕ್ಲಾಸಿಗಿ ಹೋಗತೀಯೇನಣ್ಣಾ?" ಎಂದು ಸಿಡುಕಿದರೂ ಅವ್ವ ಕೈ ಮುಗಿದಳು. "ದವಾಖಾನಿಗಿ ಹೋಗಲೇನಪ್ಪಾ?"

ಹೊಸ ಹೂ ಅಂಟಿಸಿದರು. ಒಂದೂ ಅಲುಗಲಿಲ್ಲ. ಕಾದು ಕಾದು ಅವ್ವ, "ಅವಗೂ ಬ್ಯಾಸರಾಗ್ಯದ" ಎಂದು ಮೊಣಕಾಲು ಹಿಡಿದು ಏಳುವಷ್ಟರಲ್ಲಿ ಬಲಗಡೆಯ ಹೂ ಕಳಚಿ ಬಿತ್ತು.

ಸೋಮವಾರ ಬಸ್ಸು ಹತ್ತಿದಳು. ಕರುಳಿಗೆ ಬಿಳಿ ಔಷಧ ಏರಿಸಿ ಎಕ್ಸ್‌ರೇ ತೆಗೆದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಕಂಡಿತು. ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹಳೆಯದು ಹರಡಿದ್ದಲ್ಲ, ಇದು ಬೇರೆಯೇ ಕ್ಯಾನ್ಸರ್, ಸಣ್ಣದಿರುವಾಗಲೇ ಸಿಕ್ಕಿತು ಎಂದರು ಡಾಕ್ಟರು. ಮಂಚದ ಮೇಲಿಂದಲೇ ಅವ್ವ, "ಹಳೇದು ಬಂದಿಲ್ಲಂತ ಅವ ಮೊದಲ ಹೇಳಿದ್ದ" ಎಂದಳು.

ಅದಾಗಿ ಮೂರು ವರ್ಷ. ಇನ್ನು ಬರುವುದೇ ಇಲ್ಲವೆಂದು ಯಾರೂ ಮಾತು ಕೊಟ್ಟಿಲ್ಲ, ನಾವೂ ಕೇಳಿಲ್ಲ. ನಾನು ಬೇಡಿದ್ದಷ್ಟನ್ನು ಆತ ಕೊಟ್ಟ, ಬೇಡದಿದ್ದುದನ್ನೂ ಕೊಟ್ಟ. ಆತನ ಪಾದಕ್ಕೆ ನನ್ನ ಹಣೆ.

ಮೊನ್ನೆ ತಪಾಸಣೆಯ ದಿನ ಅವ್ವ ಹಣೆತುಂಬ ಭಂಡಾರದ ಅರಿಶಿನ ಹಚ್ಚಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಿದ್ದಳು. "ಈ ಸಲ ಹೂ ಕೇಳಲಿಲ್ಲೇನವ್ವಾ?" ಎಂದೆ.

"ಒಮ್ಮಿ ಹೇಳ್ಯಾನ. ಘಡಿಘಡಿ ಕೇಳಿದ್ರ ಸಿಟ್ಟಿಗೇಳತಾನ. ನಡಿ, ಬಸ್ ಬಂತು."