ಆಮೇಲೆ ಅಂದರೆ ಬೇಡ

ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಮೈ ಇಳಿಸಲೆಂದು ಕೂಡಿದ ನಾವು ಐದು ಜನ ತೂಕ ನೋಡಿಕೊಳ್ಳುತ್ತೇವೆ. ಅದು ಚೀಲ ತೂಗುವ ತಕ್ಕಡಿ, ನಮ್ಮಂಥವರನ್ನು ನಿರಾಯಾಸವಾಗಿ ಹೊರುತ್ತದೆ. ಮಂಡಿಯ ಸಾಹುಕಾರರೂ ಗುಂಪಿನಲ್ಲೊಬ್ಬರು. ತೂಕ ಏರಿದವರನ್ನು ಯಾರೂ ಬೈಯುವುದಿಲ್ಲ. 'ಹೋದ ವಾರ ಯಾರ ಮನೇಲಿ ಊಟ?' ಎಂದು ಕೇಳುತ್ತೇವೆ, ಅಷ್ಟೇ.

ಈ ಪ್ರಶ್ನೆ ಹೇಗೆ ಹುಟ್ಟಿತೆಂಬುದು ನನಗೆ ಕುತೂಹಲ. ಬಹಳ ವರ್ಷ ಪತ್ರಿಕೆಯಲ್ಲಿದ್ದ ನನಗೆ, ಎಲ್ಲರೂ ಹೇಳಿದ್ದನ್ನು ಬರೆದಿಡುವ ಅಭ್ಯಾಸ. ಬರೆದದ್ದನ್ನು ತಿರುವಿದಾಗ ಒಂದು ಸಂಗತಿ ಕಂಡಿತು. ನಾವು ಒಬ್ಬರೇ ಕೂತು ತಿಂದು ದಪ್ಪಗಾಗಿದ್ದು ಕಡಿಮೆ, ಪಂಕ್ತಿಯಲ್ಲಿ ಕೂತು ಆಗಿದ್ದೇ ಹೆಚ್ಚು. ಹಾಗಾಗಿ ಯಾರಿಗಾದರೂ ಊಟದ ಕರೆ ಬಂದರೆ ಗುಂಪಿನ ಇನ್ನೊಬ್ಬರು ಜೊತೆಗೆ ಹೋಗಿ ಪಕ್ಕದ ಎಲೆಗೆ ಕೂರಬೇಕೆಂದು ಮಾತಾಯಿತು.

ಸಾಹುಕಾರರು ಇನ್ನೊಂದು ಉಪಾಯ ಸೇರಿಸಿದರು. "ಬೇಡ ಅಂದ್ರೆ ಬಡಿಸೋನಿಗೆ ಹಠ ಬತ್ತದೆ ಕಣ್ರೀ. ಆಮೇಲೆ ಅನ್ನಿ. ಮುಂದಿನ ಎಲೆಗೆ ಹೋಯ್ತಾನೆ." ಹೊರಡುವಾಗ ನಾವು ಹೋಗ್ತೀನಿ ಅನ್ನದೆ ಬತ್ತೀನಿ ಅನ್ನುವುದಿಲ್ಲವೇ, ಇದೂ ಹಾಗೇ. ಮದುವೆ ಮಂಟಪಗಳಲ್ಲಿ ಈ ಮಾತು ಒಮ್ಮೆಯೂ ಕೈಕೊಡಲಿಲ್ಲ.

ಗುಂಪಿನಲ್ಲಿ ಶಾಲೆಯ ಬಿಸಿಯೂಟ ಮಾಡುವ ಒಬ್ಬ ಅಕ್ಕ ಇದ್ದರು. ಎರಡೂ ಮೊಣಕಾಲಿನ ಕೀಲು ಸವೆದಿತ್ತು. ಹಿಂದೊಮ್ಮೆ ಒಬ್ಬರೇ ಹಠ ಹಿಡಿದು ತೂಕ ಇಳಿಸಿ, ವರ್ಷದೊಳಗೆ ಅಷ್ಟನ್ನೂ ಮರಳಿ ಪಡೆದಿದ್ದರು. ಈ ಸಲ ನಮ್ಮೊಂದಿಗೆ ಇಳಿಸಿದ್ದರು. "ಇಳಿಸಿದ್ದನ್ನ ಮೂರು ತಿಂಗಳು ಏರದ ಹಾಗೆ ನೋಡ್ಕೊಳ್ಳಿ, ಆಪರೇಷನ್‌ಗೆ ದಿನ ಕೊಡ್ತೀನಿ" ಎಂದು ಡಾಕ್ಟರು ಹೇಳಿದ್ದರು. ಮೂರನೆಯ ತಿಂಗಳಲ್ಲಿ, ಮಾದಿಹಳ್ಳಿಯ ತವರಿನಲ್ಲಿ ತಮ್ಮನ ಮೊಮ್ಮಗಳ ನಾಮಕರಣ ಬಂತು. ಜೊತೆಗೆ ನಾನು ಹೋದೆ. ಬಸ್ಸಿನ ಮೆಟ್ಟಿಲನ್ನು ಅವರು ಎರಡು ಕೈಯಲ್ಲೂ ಕಂಬಿ ಹಿಡಿದು ಹತ್ತಿದರು.

ಪಂಕ್ತಿಯಲ್ಲಿ ಅವರ ತಮ್ಮನ ಹೆಂಡತಿಯೇ ಒಬ್ಬಟ್ಟು ಬಡಿಸುತ್ತ ಬಂದರು. ಎಲೆಯ ಮೇಲಿದ್ದ ಒಂದರ ಪಕ್ಕಕ್ಕೆ ಇನ್ನೊಂದು ಹಾಕಲು ಬಗ್ಗಿದಾಗ ಅಕ್ಕ ಕೈ ಅಡ್ಡ ಹಿಡಿದರು. "ಆಮೇಲೆ ಕಣವ್ವ."

ಅವರು ಮುಂದೆ ಹೋದರು. ನಾವಿಬ್ಬರೂ ಮುಖ ನೋಡಿಕೊಂಡೆವು. ಉಪಾಯ ಇಲ್ಲೂ ನಡೆಯಿತು ಅಂದುಕೊಂಡೆ.

ಮಜ್ಜಿಗೆ ಬರುವ ಮುಂಚೆ ಅವರು ತಟ್ಟೆ ತುಂಬಾ ಒಬ್ಬಟ್ಟು, ತುಪ್ಪದ ಗಿಂಡಿ ಹಿಡಿದು ನೇರವಾಗಿ ನಮ್ಮ ಎಲೆಗೇ ಬಂದರು. "ಆಮೇಲೆ ಅಂದಿದ್ರಲ್ಲ ಅತ್ತಿಗೆ, ನಿಮಗೇ ಅಂತ ಬಿಸೀದು ಬೇಯಿಸ್ಕೊಂಡ್ ಬಂದೆ."

ಮಂಟಪದ ಬಡಿಸುವವನು ತಿರುಗಿ ಬರುವುದಿಲ್ಲ. ತವರಿನಲ್ಲಿ ಆಮೇಲೆ ಅಂದರೆ ಅದು ಕೊಟ್ಟ ಮಾತು. ನಮ್ಮ ಐದು ಜನಕ್ಕೂ ಅದು ಹೊಳೆದಿರಲಿಲ್ಲ. ಎದುರು ಸಾಲಿನ ಅಜ್ಜಿಯೊಬ್ಬರು, "ಸೊರಗೋಗವ್ಳೆ, ಹಾಕವ್ವ, ಎರಡು ಹಾಕು" ಎಂದರು.

ಅಕ್ಕ ಎಲೆಯ ಮೇಲಿನ ಕೈ ತೆಗೆಯಲಿಲ್ಲ. "ಆಮೇಲೆ ಅಂದಿದ್ದು ಸುಳ್ಳು ಕಣವ್ವ. ಬೇಡ. ಈ ಮಗು ಮದ್ವೆಗೆ ನಾನು ನಡ್ಕೊಂಡ್ ಬರ್ಬೇಕು, ಎತ್ಕೊಂಡ್ ಬರೋ ಹಂಗಾಗ್ಬಾರ್ದು. ಮಂಡಿ ಆಪರೇಷನ್ ಐತೆ. ಏರುದ್ರೆ ಮಾಡಲ್ವಂತೆ."

ತಮ್ಮನ ಹೆಂಡತಿ ತುಪ್ಪದ ಗಿಂಡಿ ಕೆಳಗಿಟ್ಟರು. "ಮೊದಲೇ ಅನ್ಬಾರ್ದಾ? ಹಿಟ್ಟಾದ್ರೂ ಉಳೀತಿತ್ತು" ಎಂದು ಒಬ್ಬಟ್ಟಿನ ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು. "ನಿಮಗೂ ಮಂಡಿ ನೋವಾ?"

"ನನಗೂ ಬೇಡ" ಎಂದೆ. ಆ ಸಾಲಿನಲ್ಲಿ ಬೇಡ ಅಂದ ಎರಡನೆಯವಳು ನಾನು. ಆಮೇಲೆ ಯಾರೂ ಒತ್ತಾಯ ಮಾಡಲಿಲ್ಲ.

ಶುಕ್ರವಾರ ಅಕ್ಕ ತಕ್ಕಡಿ ಹತ್ತಿದರು. ಹಿಂದಿನ ವಾರದ ಅಂಕಿಯೇ ನಿಂತಿತ್ತು.

"ಇಳಿದಿಲ್ವಲ್ಲಕ್ಕ" ಎಂದರು ಸಾಹುಕಾರರು.

"ಏರಿಲ್ವಲ್ಲಣ್ಣ" ಎಂದು ಅಕ್ಕ ಕೆಳಗಿಳಿದರು, ಒಂದು ಕೈಯಲ್ಲಿ ಮಾತ್ರ ಗೋಡೆ ಹಿಡಿದು.