ಮೂತ್ರನಾಳದ ಕಲ್ಲು ಮತ್ತು ಒಂದು ಸಹಿ

ಸಂಶಿಯ ಹತ್ತಿರದ ನಮ್ಮೂರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಬಸುರಿಯರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಹೆರಿಗೆಯಾಗುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವುದು ನನಗೆ ರೂಢಿ. ಗಂಡ ತೀರಿಕೊಂಡ ಮೇಲೆ ಆ ಓಡಾಟದಲ್ಲೇ ದಿನ ಹೋಗುತ್ತಿತ್ತು.

ಹೋದ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ನನ್ನ ಎಡಪಕ್ಕೆಯಲ್ಲಿ ನೋವು ಶುರುವಾಯಿತು. ಮೂರು ದಿನ ಮಾತ್ರೆ ನುಂಗಿ ತಳ್ಳಿದೆ. ನಾಲ್ಕನೆಯ ದಿನ ನೀರು ಕುಡಿದರೂ ವಾಂತಿ. ಒಬ್ಬಳೇ ಹುಬ್ಬಳ್ಳಿ ಬಸ್ಸು ಹತ್ತಿದೆ. ಸ್ಕ್ಯಾನ್ ನೋಡಿದ ಡಾಕ್ಟರು, ಕಿಡ್ನಿಯಿಂದ ಮೂತ್ರ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಕಿಡ್ನಿ ಊದಿದೆ, ಇವತ್ತೇ ತೆಗೆಯಬೇಕು ಎಂದರು.

"ಜೋಡಿ ಯಾರ ಬಂದಾರ್ರಿ?" ಎಂದು ನರ್ಸ್ ಕೇಳಿದಳು.

"ಯಾರೂ ಇಲ್ರಿ."

"ಹಂಗ ನಡ್ಯಂಗಿಲ್ರಿ. ಸಹಿ ಮಾಡಾಕ ಒಬ್ಬರು ಬೇಕು."

ವಾರ್ಡಿನಲ್ಲಿ ಕೊಟ್ಟ ಹಾಸಿಗೆಯ ಮೇಲೆ ಫೋನ್ ಹಿಡಿದು ಕೂತೆ. ಕರೆದರೆ ಬರುವ ಹೆಂಗಸರು ಊರಲ್ಲಿ ಇದ್ದರು. ಆದರೆ ಹೊಲದ ಕೆಲಸ ಬಿಟ್ಟು ಬಾ ಎಂದು ಯಾರಿಗೆ ಹೇಳಲಿ? ಯಾವ ಹೆಸರನ್ನೂ ಒತ್ತಲು ಬೆರಳು ಏಳಲಿಲ್ಲ.

ಬಾಜೂ ಹಾಸಿಗೆಯ ಹೆಂಗಸಿನ ಗಂಡ, ನವಲಗುಂದದ ಕಡೆಯ ಮುದುಕ, ಇದನ್ನೆಲ್ಲ ಕೇಳಿಸಿಕೊಂಡಿದ್ದ. "ಇಲ್ಲಿ ಕೊಡ್ರಿ, ನಾ ಮಾಡ್ತೀನಿ," ಎಂದು ನರ್ಸಿನ ಕೈಯಿಂದ ಕಾಗದ ತೆಗೆದುಕೊಂಡ. ಸಂಬಂಧ ಎಂದಿದ್ದ ಜಾಗದಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಇಲ್ಲಿ ಏನ್ ಬರೀಲೆವಾ?"

"ಕಾಕಾ ಅಂತ ಬರೀರಿ," ಎಂದೆ.

ಬೆನ್ನಿಗೆ ಸೂಜಿ ಕೊಟ್ಟ ಮೇಲೆ ಕಾಲುಗಳು ಮರಗಟ್ಟಿ ಯಾರವೋ ಆದವು. ಹೊಟ್ಟೆ ಕೊಯ್ಯಲಿಲ್ಲ, ಮೂತ್ರದ ದಾರಿಯಿಂದಲೇ ಕ್ಯಾಮೆರಾ ಇದ್ದ ತೆಳ್ಳನೆಯ ದುರ್ಬೀನು ಮೇಲಕ್ಕೆ ಹೋಯಿತು. ಪರದೆಯ ಮೇಲೆ ಕೆಂಪಗಿನ ಇಕ್ಕಟ್ಟು ಓಣಿ, ಅದರ ತುದಿಯಲ್ಲಿ ಕಂದು ಕಲ್ಲು. ಲೇಸರ್ ತಗುಲಿ ಅದು ಪುಡಿಯಾಗುವುದನ್ನು ಕಣ್ಣಾರೆ ನೋಡಿದೆ. ನಾಳ ಮತ್ತೆ ಕಟ್ಟಬಾರದೆಂದು ಒಳಗೊಂದು ಸಣ್ಣ ಕೊಳವೆ ಇಟ್ಟರು.

ವಾರ್ಡಿಗೆ ತಂದಾಗ ಬಾಜೂ ಹಾಸಿಗೆ ಖಾಲಿ. ಆ ಹೆಂಗಸನ್ನು ಮನೆಗೆ ಕಳಿಸಿದ್ದರು. ಮುದುಕನ ಹೆಸರು ಕೂಡ ನಾನು ಕೇಳಿರಲಿಲ್ಲ.

ಮೂರು ವಾರ ಆ ಕೊಳವೆ ಇಟ್ಟುಕೊಂಡೇ ಮನೆಮನೆ ತಿರುಗಿದೆ. ಬಗ್ಗಿದರೆ ಚುಚ್ಚುತ್ತಿತ್ತು, ಗಳಿಗೆಗೊಮ್ಮೆ ಮೂತ್ರಕ್ಕೆ ಅವಸರ. ಯಾರಾದರೂ ಕೇಳಿದರೆ "ಅರಾಮ ಅದೀನ್ರಿ" ಎನ್ನುತ್ತಿದ್ದೆ. ಅದನ್ನು ತೆಗೆಸಲು ಮತ್ತೆ ಹುಬ್ಬಳ್ಳಿಗೆ ಹೋದೆ. ಹತ್ತು ನಿಮಿಷದ ಕೆಲಸ. ಡಾಕ್ಟರು ನೀಲಿ ಕೊಳವೆಯನ್ನು ಟ್ರೇಯಲ್ಲಿಟ್ಟು ತೋರಿಸಿ, "ಮುಗೀತ್ರಿ. ನೀರು ಭಾಳ ಕುಡೀರಿ," ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಮೈ ಹಗುರಾಗಿತ್ತು. ಆಚೆ ಕೂತ ಹೆಂಗಸು, "ಹುಬ್ಬಳ್ಳ್ಯಾಗ ಏನ್ ಕೆಲಸಿತ್ತಬೇ?" ಎಂದು ಕೇಳಿದಳು. ಎಲ್ಲ ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂತು.

"ಒಬ್ಬರಿಗೆ ಅರಾಮ ಇರಲಿಲ್ಲ, ನೋಡಾಕ ಹೋಗಿದ್ದೆ," ಎಂದೆ.

ಅವಳು ತಲೆಯಾಡಿಸಿದಳು. ಸಂಶಿಯಲ್ಲಿ ಇಳಿದು ಊರಿನ ಹಾದಿ ಹಿಡಿದೆ.