ಗಿನಿಪಿಗ್ ಪೆಟ್ಟಿಗೆಯ ಮುಚ್ಚಳ

ಗುಂಡ್ಲುಪೇಟೆಗೆ ವರ್ಗವಾದಾಗ ಮನೆ ಸಾಮಾನೆಲ್ಲ ಟೆಂಪೋದಲ್ಲಿ ಹೋಯಿತು. ಮಗಳ ಎರಡು ಗಿನಿಪಿಗ್ ಮಾತ್ರ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಜೊತೆ ಬಸ್ಸು ಹತ್ತಿದವು. ಬೆಳಗಿನ ಚಳಿ, ಕಿಟಕಿಯ ಗಾಜು ಮುಚ್ಚಲೊಲ್ಲದು. ಇವು ಸತ್ತರೆ ಮಗಳಿಗೇನು ಹೇಳಲಿ ಎಂದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದೆ.

ಪಕ್ಕದಲ್ಲಿದ್ದ ಅಜ್ಜಿಗೆ ರೇಗಿತು. “ಅದ್ಯಾಕಪ್ಪ ಗಳಿಗ್ಗೊಂದ್ಸಲ ತೆಗ್ದು ನೋಡ್ತಿದ್ದೀಯೆ? ನಾವು ರೇಷ್ಮೆ ಉಳ ಸಾಕೋರು. ಉಳದ್ ಮನೆ ಬಾಗ್ಲ ಇಂಗ್ ತೆಗೀತಿದ್ರೆ ಒಂದ್ ಗೂಡೂ ಕಟ್ಟಕಿಲ್ಲ. ಕೊಡು ಇತ್ಲಾಗೆ!”

ಪೆಟ್ಟಿಗೆ ಕಿತ್ತುಕೊಂಡು ಮಡಿಲಲ್ಲಿಟ್ಟು, ಸೆರಗು ಹೊದಿಸಿ ಕೂತರು. ನಾನು ಕಾಲು ಕುಣಿಸುತ್ತಾ ಸೆರಗನ್ನೇ ನೋಡುತ್ತಿದ್ದೆ.

ತೆರಕಣಾಂಬಿಯಲ್ಲಿ ಇಳಿಯುವ ಮುಂಚೆ ಅವರೇ ಒಳಗೆ ಕೈಯಿಟ್ಟು ನೋಡಿದರು. “ಬೆಚ್ಚಗವೆ. ನೀನೇ ಗಡಗಡ ನಡುಗ್ತಿದ್ದೀಯಲ್ಲಪ್ಪ, ಒಂದು ಸ್ವೆಟರ್ ಆಕಬಾರ್ದಾ?”

ಅವರು ಕೈಯಿಟ್ಟದ್ದು ಗಿನಿಪಿಗ್‌ಗಳಿಗೆಂದು ಪೆಟ್ಟಿಗೆಯಲ್ಲಿ ಹಾಸಿದ್ದ ನನ್ನ ಸ್ವೆಟರಿನ ಮೇಲೆಯೇ. ಅದರ ಒಂದು ತೋಳನ್ನು ಅವು ಆಗಲೇ ಕಡಿದು ಮುಗಿಸಿದ್ದವು.